ಆತ್ಮ ಎಂದರೆ ನಮ್ಮೊಳಗಿನ ಒಂದು ಭಾಗವೇ?

ಪ್ರಶ್ನೆ: ನಾನು ಸಕಲೇಶಪುರದ ಹತ್ತಿರದವಳು. ಹೋದ ವರ್ಷ ಅಮ್ಮ ತೀರಿಕೊಂಡರು. ಕೊನೆಯ ಮೂರು ವರ್ಷ ಅವರಿಗೆ ಮರೆವಿನ ಕಾಯಿಲೆ. ನನ್ನ ಹೆಸರೂ ನೆನಪಿರಲಿಲ್ಲ. ಆದರೆ ಕೈಗೆ ಜಪಸರ ಕೊಟ್ಟರೆ ಒಂದು ಮಣಿಯೂ ತಪ್ಪದೆ ಪ್ರಾರ್ಥನೆ ಹೇಳುತ್ತಿದ್ದರು. ನಾನು ಈಗ ಹೋಗುವ ಪ್ರಾರ್ಥನಾ ಕೂಟದಲ್ಲಿ, ಮನುಷ್ಯನಿಗೆ ಆತ್ಮ, ಪ್ರಾಣ, ಶರೀರ ಎಂದು ಮೂರು ಭಾಗ ಎನ್ನುತ್ತಾರೆ. ಅಮ್ಮನ ಚರ್ಚಿನ ಫಾದರ್, ದೇಹ ಮತ್ತು ಆತ್ಮ ಎರಡೇ ಎಂದರು. ನರ್ಸಿಂಗ್ ಓದುವ ಮಗಳು ಎಲ್ಲಾ ಮೆದುಳಿನದೇ ಕೆಲಸ ಅನ್ನುತ್ತಾಳೆ. ಆತ್ಮದ ತೂಕ 21 ಗ್ರಾಂ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವಾಗಿ ಮನುಷ್ಯನಿಗೆ ಆತ್ಮ ಇದೆಯಾ? ಇದ್ದರೆ, ಅಮ್ಮನ ಆತ್ಮ ಅವರು ಸಾಯುವ ಮೊದಲೇ ಹೋಗಿಬಿಟ್ಟಿತ್ತಾ? ಸಮಾಧಿಗೆ ಕಲ್ಲು ಹಾಕಿಸಬೇಕು. ‘ಆತ್ಮಕ್ಕೆ ಶಾಂತಿ ಸಿಗಲಿ’ ಅಂತ ಬರೆಸೋಣ ಎಂದು ಅಣ್ಣ ಹೇಳುತ್ತಾರೆ. ಕೂಟದವರು ಬೇಡ ಅನ್ನುತ್ತಾರೆ. ಏನು ಬರೆಸಲಿ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ಕಲ್ಲಿನ ವಿಷಯ ಕೊನೆಗೆ ಇಟ್ಟುಕೊಳ್ಳೋಣ. ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಅಮ್ಮನ ಆತ್ಮ ಅವರಿಗಿಂತ ಮುಂಚೆ ಹೊರಟು ಹೋಗಿರಲಿಲ್ಲ. ಹಾಗೆ ಯೋಚಿಸಲು ಬೈಬಲ್ಲಿನಲ್ಲಿ ಯಾವ ಆಧಾರವೂ ಇಲ್ಲ. ಈ ಭಯ ಇವತ್ತೇ ಬಿಡಿ. ಉಳಿದದ್ದನ್ನು ನಿಧಾನವಾಗಿ ಓದಿ.

ತೊಡಕೆಲ್ಲ ಶುರುವಾಗುವುದು ‘ಆತ್ಮ’ ಎಂಬ ಪದದಿಂದ. ನಾವು ಹಾಸನ, ಚಿಕ್ಕಮಗಳೂರಿನವರು. ಒಂದು ದಿಕ್ಕಿಗೆ ಶ್ರವಣಬೆಳಗೊಳ, ಇನ್ನೊಂದು ದಿಕ್ಕಿಗೆ ಶೃಂಗೇರಿ. ಬೆಳಗೊಳದ ಜೈನರಿಗೆ ಆತ್ಮ ಅಥವಾ ಜೀವ ಎಂದರೆ ಹುಟ್ಟು ಸಾವು ಇಲ್ಲದ್ದು. ಒಬ್ಬೊಬ್ಬರಿಗೆ ಒಂದೊಂದು. ಕರ್ಮ ಅಂಟಿಕೊಂಡಿರುವುದರಿಂದ ಅದು ದೇಹದಿಂದ ದೇಹಕ್ಕೆ ಅಲೆಯುತ್ತದೆ. ಶೃಂಗೇರಿಯ ಅದ್ವೈತದಲ್ಲಿ ಆತ್ಮ ಒಂದೇ, ಅದೇ ಬ್ರಹ್ಮ. ಇನ್ನು ಊರಿನ ಮಾತಿನಲ್ಲಿ, ಸಿನಿಮಾಗಳಲ್ಲಿ ‘ಆತ್ಮ ಬಂತು’ ಅಂದರೆ ದೆವ್ವ ಬಂತು ಅಂತಲೇ ಅರ್ಥ. ನಾವು ಚರ್ಚಿನಲ್ಲಿ ಕೂತು ಆತ್ಮ ಅಂದಾಗ ಈ ಮೂರೂ ಅರ್ಥಗಳು ಕಿವಿಯಲ್ಲಿ ಇರುತ್ತವೆ. ಅದರಲ್ಲಿ ತಪ್ಪೇನಿಲ್ಲ. ನಮ್ಮ ಭಾಷೆ ನಮಗೆ ಕೊಟ್ಟಿದ್ದು ಅದು. ಆದರೆ ಬೈಬಲ್ ಹೇಳುತ್ತಿರುವುದು ಈ ಮೂರರಲ್ಲಿ ಯಾವುದೂ ಅಲ್ಲ. 19ನೇ ಶತಮಾನದಲ್ಲಿ ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಅಂಥ ಮಿಷನರಿಗಳು ಬೈಬಲ್ಲನ್ನು ಕನ್ನಡಕ್ಕೆ ತರುವಾಗ ಹೊಸ ಪದ ಹುಟ್ಟಿಸಲಿಲ್ಲ, ಇಲ್ಲಿ ಇದ್ದ ಪದಗಳನ್ನೇ ತೆಗೆದುಕೊಂಡರು. ಬೇರೆ ದಾರಿಯೂ ಇರಲಿಲ್ಲ, ಅಲ್ವಾ? ಹಾಗಾಗಿ ಕೆಳಗಿರುವ ಮೂಲ ಪದಗಳನ್ನು ಒಮ್ಮೆ ನೋಡಲೇಬೇಕು.

ಆದಿಕಾಂಡದ 2ನೇ ಅಧ್ಯಾಯ ತೆಗೆಯಿರಿ, 7ನೇ ವಚನ. ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸಿದರು. ಮೂಗಿನಲ್ಲಿ ಜೀವಶ್ವಾಸ ಊದಿದರು. ಆಗ ಮನುಷ್ಯ ‘ಬದುಕುವ ಪ್ರಾಣಿಯಾದನು’. ಇಲ್ಲಿ ‘ಪ್ರಾಣಿ’ ಎಂದಿರುವ ಕಡೆ ಹೀಬ್ರೂ ಭಾಷೆಯಲ್ಲಿ ಇರುವ ಪದ ನೆಫೆಶ್. ಗಮನಿಸಿ, ಮನುಷ್ಯನಿಗೆ ನೆಫೆಶ್ ‘ಕೊಟ್ಟರು’ ಅಂತ ಬರೆದಿಲ್ಲ. ಮನುಷ್ಯ ನೆಫೆಶ್ ‘ಆದನು’ ಅಂತ ಬರೆದಿದೆ. ಮಣ್ಣು ಮತ್ತು ಉಸಿರು ಸೇರಿ ಒಬ್ಬ ಮನುಷ್ಯ ಆದ. ಆದಾಮ ಎಂಬ ಹೆಸರೇ ‘ಅದಾಮಾ’, ಅಂದರೆ ನೆಲ ಎಂಬ ಪದದ ಪಕ್ಕದ್ದು.

ಈ ನೆಫೆಶ್ ಎಂಬ ಪದದ ಓಡಾಟ ನೋಡಬೇಕು. ಅದಕ್ಕೆ ಗಂಟಲು ಅಂತಲೂ ಅರ್ಥ ಇದೆ. ಉಸಿರು, ಹಸಿವು, ಆಸೆ, ಜೀವ ಅಂತಲೂ ಇದೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ನೀರಿನ ಮೀನಿಗೂ ಕಾಡಿನ ಮೃಗಕ್ಕೂ ಇದೇ ಪದ. ಅರಣ್ಯಕಾಂಡದಲ್ಲಿ ಹೆಣಕ್ಕೂ ಇದೇ ಪದ ಬರುತ್ತದೆ. ‘ನನ್ನ ಮನವೇ, ಯೆಹೋವನನ್ನು ಕೊಂಡಾಡು’ ಅಂತ 103ನೇ ಕೀರ್ತನೆ ಹಾಡುತ್ತೇವಲ್ಲ, ಆ ‘ಮನವೇ’ ಎನ್ನುವಲ್ಲೂ ನೆಫೆಶ್ ಇದೆ. ಒಂದೇ ಪದ ಕನ್ನಡದಲ್ಲಿ ಒಂದು ಕಡೆ ಪ್ರಾಣಿ, ಇನ್ನೊಂದು ಕಡೆ ಪ್ರಾಣ, ಮತ್ತೊಂದು ಕಡೆ ಮನ ಆಗಿದೆ. ಅನುವಾದಕರು ತಪ್ಪು ಮಾಡಿದರು ಅಂತಲ್ಲ. ಕನ್ನಡದಲ್ಲಿ ಇಷ್ಟನ್ನೂ ಹೊರುವ ಒಂದೇ ಪದ ಇಲ್ಲ.

ಆತ್ಮ ಎಂದು ಸಾಮಾನ್ಯವಾಗಿ ಅನುವಾದ ಆಗುವುದು ರೂಆಖ್ ಎಂಬ ಇನ್ನೊಂದು ಹೀಬ್ರೂ ಪದ. ಅದರ ಮೊದಲ ಅರ್ಥ ಗಾಳಿ. ಆಮೇಲೆ ಉಸಿರು. ಆಮೇಲೆ ಆತ್ಮ. ಯೆಹೆಜ್ಕೇಲನ 37ನೇ ಅಧ್ಯಾಯದಲ್ಲಿ ಒಣಗಿದ ಎಲುಬುಗಳ ಕಣಿವೆ ಇದೆ. ಅಲ್ಲಿ ಈ ಮೂರು ಅರ್ಥಗಳೂ ಒಂದರೊಳಗೊಂದು ಸೇರಿಕೊಂಡಿವೆ. ನಾಲ್ಕು ದಿಕ್ಕಿನಿಂದ ಬರುವುದೂ ರೂಆಖ್, ಎಲುಬಿನೊಳಗೆ ಹೊಕ್ಕು ಎಬ್ಬಿಸುವುದೂ ರೂಆಖ್, ದೇವರು ನನ್ನದು ಎನ್ನುವುದೂ ರೂಆಖ್. ನಮ್ಮ ಕಡೆ ಕಾಫಿ ತೋಟದಲ್ಲಿ ಮಾರ್ಚ್‌, ಏಪ್ರಿಲ್‌ನಲ್ಲಿ ಹೂಮಳೆ ಬೀಳುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಮೊಗ್ಗು ಕಟ್ಟಿಕೊಂಡು ಸುಮ್ಮನೆ ಕೂತ ಗಿಡ, ಒಂದು ಮಳೆ ಬಿದ್ದು ವಾರ ಹತ್ತು ದಿನದಲ್ಲಿ ಬೆಳ್ಳಗೆ ಅರಳುತ್ತದೆ. ಆ ಹೂವಿನಲ್ಲಿ ಮಳೆ ಯಾವ ಭಾಗ, ಗಿಡ ಯಾವ ಭಾಗ ಅಂತ ಬಿಡಿಸಿ ತೋರಿಸಿ ಅಂದರೆ ಆಗುತ್ತದಾ? ಆದರೆ ಮಳೆ ಇಲ್ಲದೆ ಹೂವಿಲ್ಲ. ಹೀಬ್ರೂ ಜನ ರೂಆಖ್ ಅಂದಾಗ ಸುಮಾರು ಹೀಗೆ ಯೋಚಿಸುತ್ತಿದ್ದರು. ಮನುಷ್ಯನೊಳಗೆ ಒಂದು ಡಬ್ಬಿಯಲ್ಲಿ ಇಟ್ಟ ವಸ್ತು ಎಂದು ಯೋಚಿಸುತ್ತಿರಲಿಲ್ಲ. ದೇವರಿಂದ ಬಂದು, ನಮ್ಮನ್ನು ಬದುಕಿಸುತ್ತಾ, ದೇವರ ಕಡೆಗೆ ತಿರುಗಿಸಿಕೊಂಡಿರುವ ಜೀವದ ಹರಿವು ಅದು.

ಹಾಗಾದರೆ ನಿಮ್ಮ ಕೂಟದವರು ಹೇಳುವ ಮೂರು ಭಾಗ?

ಅವರು ಗಾಳಿಯಲ್ಲಿ ಹೇಳುತ್ತಿಲ್ಲ. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯ, 23ನೇ ವಚನದಲ್ಲಿ ಆತ್ಮ, ಪ್ರಾಣ, ಶರೀರ ಮೂರೂ ಒಟ್ಟಿಗೆ ಬರುತ್ತವೆ. ಇಬ್ರಿಯರಿಗೆ ಬರೆದ ಪತ್ರದಲ್ಲಿ ದೇವರ ವಾಕ್ಯ ಪ್ರಾಣ ಆತ್ಮಗಳನ್ನೂ ಕೀಲು ಮಜ್ಜೆಗಳನ್ನೂ ವಿಭಾಗಿಸುವಷ್ಟು ಹರಿತ ಎಂದಿದೆ. ಹಳೆಯ ಕಾಲದಲ್ಲಿ ಬಿಷಪ್ ಐರೇನಿಯಸ್ ಅಂಥ ದೊಡ್ಡವರು ಈ ಮೂರರ ಭಾಷೆ ಬಳಸಿದ್ದಾರೆ. 1521ರಲ್ಲಿ ಲೂಥರ್ ಮರಿಯಳ ಹಾಡಿನ ಬಗ್ಗೆ ಬರೆಯುವಾಗ ಮನುಷ್ಯನನ್ನು ಮೋಶೆಯ ಕಾಲದ ದೇವದರ್ಶನದ ಗುಡಾರಕ್ಕೆ ಹೋಲಿಸಿದರು: ಹೊರಗಿನ ಅಂಗಳ ದೇಹ, ಒಳಗಿನ ಪವಿತ್ರ ಸ್ಥಳ ಪ್ರಾಣ, ಕತ್ತಲೆಯ ಅತಿ ಪವಿತ್ರ ಸ್ಥಳ ಆತ್ಮ. 20ನೇ ಶತಮಾನದಲ್ಲಿ ಈ ಬೋಧನೆಯನ್ನು ಜಾಸ್ತಿ ಹರಡಿದ್ದು ಚೀನಾದ ವಾಚ್‌ಮನ್ ನೀ ಅವರ ಬರಹಗಳು. ನಂಬಿಕೆಗಾಗಿ 20 ವರ್ಷ ಸೆರೆಯಲ್ಲಿದ್ದು 1972ರಲ್ಲಿ ಅಲ್ಲೇ ತೀರಿಕೊಂಡವರು ಅವರು. ನನಗೆ ಅವರ ಬಗ್ಗೆ ತುಂಬಾ ಗೌರವ ಇದೆ. ಆದರೂ ಈ ಒಂದು ವಿಷಯದಲ್ಲಿ ನಾನು ಅವರನ್ನು ಒಪ್ಪುವುದಿಲ್ಲ.

ಯಾಕೆ ಗೊತ್ತಾ? ನಾವು ಕನ್ನಡದಲ್ಲಿ ‘ತನು ಮನ ಧನದಿಂದ ದುಡಿದರು’ ಅನ್ನುತ್ತೇವೆ. ಅದನ್ನು ಕೇಳಿ ಯಾರಾದರೂ ಮನುಷ್ಯನಿಗೆ ಮೂರು ಭಾಗ, ಅದರಲ್ಲಿ ಮೂರನೆಯದು ದುಡ್ಡು ಅಂತ ತಿಳಿಯುತ್ತಾರಾ? ಇಲ್ಲ. ‘ಪೂರ್ತಿಯಾಗಿ’ ಎನ್ನುವುದಕ್ಕೆ ನಾವು ಹಾಗೆ ಹೇಳುತ್ತೇವೆ. ಪೌಲನೂ ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದಾನೆ. ದೇವರು ನಿಮ್ಮನ್ನು ಪೂರ್ತಿಯಾಗಿ ಕಾಪಾಡಲಿ ಎಂಬುದು ಅವನ ಮಾತು. ಎಣಿಸುವುದೇ ಆದರೆ ಯೇಸು ಮಾರ್ಕನ 12ನೇ ಅಧ್ಯಾಯದಲ್ಲಿ ಹೃದಯ, ಪ್ರಾಣ, ಬುದ್ಧಿ, ಶಕ್ತಿ ಎಂದು ನಾಲ್ಕು ಹೇಳುತ್ತಾರೆ. ಅದಕ್ಕೆ ದೇಹವನ್ನೂ ಸೇರಿಸಿ ಐದು ಮಾಡಬೇಕಾಗುತ್ತದೆ. ಇಬ್ರಿಯರ ಪತ್ರದ್ದೂ ಅಷ್ಟೇ. ಕೀಲು ಮತ್ತು ಮಜ್ಜೆ ಒಂದಕ್ಕೊಂದು ಅಂಟಿಕೊಂಡು, ಕತ್ತಿ ಮಧ್ಯೆ ಹೋಗಿ ಬಿಡಿಸುವಂಥ ಜೋಡಿಯಲ್ಲ. ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಅಲ್ಲಿನ ಮಾತು.

ಇನ್ನೂ ಒಂದು. ಆತ್ಮ ಮತ್ತು ಪ್ರಾಣ ಬೇರೆ ಬೇರೆ ಭಾಗ ಆಗಿದ್ದರೆ ಅವುಗಳ ಕೆಲಸವೂ ಬೇರೆ ಇರಬೇಕಿತ್ತು. ಯೋಹಾನನ 12ನೇ ಅಧ್ಯಾಯದಲ್ಲಿ ಯೇಸುವಿನ ಪ್ರಾಣ ಕಳವಳಗೊಳ್ಳುತ್ತದೆ, 13ನೇ ಅಧ್ಯಾಯದಲ್ಲಿ ಆತ್ಮ ಕಳವಳಗೊಳ್ಳುತ್ತದೆ. ಮರಿಯಳು ‘ನನ್ನ ಪ್ರಾಣ ಕೊಂಡಾಡುತ್ತದೆ’ ಅಂದವಳು ಮುಂದಿನ ಸಾಲಿನಲ್ಲೇ ‘ನನ್ನ ಆತ್ಮ ಉಲ್ಲಾಸಗೊಂಡಿದೆ’ ಅನ್ನುತ್ತಾಳೆ. ಒಂದೇ ಸಂತೋಷವನ್ನು ಎರಡು ಸಲ ಹೇಳುವ ಹೀಬ್ರೂ ಹಾಡಿನ ಕಟ್ಟು ಅದು, ನಮ್ಮ ತ್ರಿಪದಿಯ ಪುನರಾವರ್ತನೆಯ ಹಾಗೆ. ಸತ್ತವರನ್ನು ಪ್ರಕಟನೆಯ ಪುಸ್ತಕದಲ್ಲಿ ಪ್ರಾಣದ ಗ್ರೀಕ್ ಪದದಿಂದಲೂ, ಇಬ್ರಿಯರ ಪತ್ರದಲ್ಲಿ ಆತ್ಮದ ಗ್ರೀಕ್ ಪದದಿಂದಲೂ ಕರೆದಿದೆ. ‘ಪ್ರಾಣಿಗಳಿಗೆ ಪ್ರಾಣ ಮಾತ್ರ, ಮನುಷ್ಯನಿಗೆ ಮಾತ್ರ ಆತ್ಮ’ ಎಂದೂ ನಿಮಗೆ ಹೇಳಿರಬಹುದು. ಪ್ರಸಂಗಿಯ 3ನೇ ಅಧ್ಯಾಯ ಓದಿ. ಅಲ್ಲಿ ಮೃಗಗಳಿಗೂ ರೂಆಖ್ ಎಂದೇ ಇದೆ.

ಈ ಬೋಧನೆಯಲ್ಲಿ ಒಂದು ಸತ್ಯ ಇದೆ, ಅದನ್ನು ಬಿಡಬಾರದು. ಪೌಲನು ಕೊರಿಂಥದವರಿಗೆ ಬರೆಯುತ್ತಾ, ಬರೀ ತನ್ನ ಸಹಜ ಪ್ರಾಣದಿಂದ ಬದುಕುವವನು ಬೇರೆ, ದೇವರ ಆತ್ಮದಿಂದ ಬದುಕುವವನು ಬೇರೆ ಎನ್ನುತ್ತಾನೆ. ಆದರೆ ಆ ವ್ಯತ್ಯಾಸ ನಮ್ಮೊಳಗಿನ ಎರಡು ಭಾಗಗಳ ನಡುವಿನದಲ್ಲ. ಇಡೀ ಮನುಷ್ಯ ಯಾವ ಕಡೆಗೆ ಮುಖ ಮಾಡಿದ್ದಾನೆ ಎಂಬುದರ ವ್ಯತ್ಯಾಸ.

ನಿಮ್ಮ ಫಾದರ್ ಹೇಳಿದ ಎರಡರ ಮಾತಿಗೆ ಬರೋಣ. 4ನೇ ಶತಮಾನದಲ್ಲಿ ಲವೊದಿಕೀಯದ ಅಪೊಲಿನಾರಿಸ್ ಎಂಬ ಬಿಷಪ್ ಇದ್ದರು. ಯೇಸುವಿಗೆ ಮನುಷ್ಯನ ದೇಹ ಇತ್ತು, ಆದರೆ ಮನುಷ್ಯನ ಬುದ್ಧಿ ಅಥವಾ ಆತ್ಮದ ಜಾಗದಲ್ಲಿ ದೈವಿಕ ವಾಕ್ಯವೇ, ಅಂದರೆ ದೇವಪುತ್ರನ ದೈವತ್ವವೇ ಇತ್ತು ಎಂದು ಬೋಧಿಸಿದರು. 381ರ ಕಾನ್‌ಸ್ಟಾಂಟಿನೋಪಲ್ ಸಭೆ ಅದನ್ನು ತಳ್ಳಿಹಾಕಿತು. ಮನುಷ್ಯನಾಗುವಾಗ ಯೇಸು ತೆಗೆದುಕೊಳ್ಳದೇ ಇದ್ದದ್ದು ವಾಸಿಯೂ ಆಗಲಾರದು ಎಂಬುದು ನಜಿಯಾನ್ಜಸ್‌ನ ಗ್ರೆಗರಿ ಎಂಬ ಬಿಷಪ್ಪರ ವಾದ. ಅಪೊಲಿನಾರಿಸ್ ಮೂರರ ಲೆಕ್ಕ ಹಿಡಿದು ವಾದಿಸಿದ್ದರಿಂದ, ಆಮೇಲೆ ಆ ಲೆಕ್ಕದ ಮೇಲೆ ಅನುಮಾನ ಬಂದು, ದೇಹ ಮತ್ತು ಆತ್ಮ ಎಂಬ ಮಾತು ಗಟ್ಟಿಯಾಯಿತು. ಆದರೆ ಕಥೋಲಿಕ ಬೋಧನೆಯಲ್ಲಿ ಈ ಎರಡು ಬಿಡಿ ಬಿಡಿ ಸಾಮಾನಲ್ಲ. 13ನೇ ಶತಮಾನದ ತೋಮಸ್ ಅಕ್ವಿನಾಸ್ ಅವರ ಮಾತೊಂದು ನನಗೆ ತುಂಬಾ ಇಷ್ಟ: ‘ನನ್ನ ಆತ್ಮ ನಾನಲ್ಲ.’ ಆತ್ಮ ಒಂದೇ ಉಳಿದರೆ ನಾನು ಉಳಿದ ಹಾಗಾಗಲಿಲ್ಲ, ದೇಹವೂ ಎದ್ದು ಬರಬೇಕು ಎಂದು ಅವರ ವಾದ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ದೇಹ ಆತ್ಮ ಸೇರಿ ಒಂದೇ ಮಾನವ ಸ್ವಭಾವ ಎನ್ನುತ್ತದೆ. ಪೌಲನ ಮೂರು ಪದಗಳಿಂದ ಆತ್ಮ ಎರಡು ಹೋಳಾಗುವುದಿಲ್ಲ ಅಂತಲೂ ಅಲ್ಲಿ ಇದೆ.

ಮಗಳ ಮಾತನ್ನು ಬೈದು ತಳ್ಳಬೇಡಿ. ಅವಳು ಓದುತ್ತಿರುವುದು ನಿಜ. 1848ರಲ್ಲಿ ಅಮೆರಿಕದಲ್ಲಿ ರೈಲು ದಾರಿ ಕೆಲಸದ ಫಿನಿಯಸ್ ಗೇಜ್ ಎಂಬುವನ ತಲೆಯ ಮೂಲಕ ಕಬ್ಬಿಣದ ಸಲಾಕೆ ತೂರಿಹೋಯಿತು. ಅವನು ಬದುಕಿದ. ಆದರೆ ‘ಇವನು ಮೊದಲಿನ ಗೇಜ್ ಅಲ್ಲ’ ಅಂತ ಪರಿಚಯದವರು ಹೇಳಿದರು. ಮೆದುಳಿಗೆ ಪೆಟ್ಟಾದರೆ ಸ್ವಭಾವವೇ ಬದಲಾಗುತ್ತದೆ. ನೀವೂ ಮೂರು ವರ್ಷ ಅದನ್ನೇ ಮನೆಯಲ್ಲಿ ನೋಡಿದಿರಿ. ಬೈಬಲ್ಲಿಗೆ ಇದು ಆಶ್ಚರ್ಯದ ಸುದ್ದಿ ಆಗಬೇಕಿಲ್ಲ. ಅದು ಯೋಚನೆ, ಭಾವನೆಗಳನ್ನು ದೇಹದಲ್ಲೇ ಇಟ್ಟು ಮಾತಾಡುತ್ತದೆ. ಯೇಸು ಜನರನ್ನು ನೋಡಿ ಕನಿಕರಪಟ್ಟರು ಎನ್ನುವ ಕಡೆ ಇರುವ ಗ್ರೀಕ್ ಪದ ಬಂದಿರುವುದು ಕರುಳು ಎಂಬ ಪದದಿಂದ. ‘ಕರುಳು ಚುರ್ ಎಂದಿತು’ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದೇ. ನಾನ್ಸಿ ಮರ್ಫಿಯವರಂಥ ಕೆಲವು ಕ್ರೈಸ್ತ ಚಿಂತಕರು, ಪ್ರತ್ಯೇಕ ಆತ್ಮ ಎಂಬ ವಸ್ತುವೇ ಬೇಡ, ದೇಹವುಳ್ಳ ಮನುಷ್ಯನೇ ದೇವರ ಜೊತೆ ಸಂಬಂಧ ಹೊಂದುತ್ತಾನೆ ಎನ್ನುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಮೆದುಳಿಲ್ಲದೆ ಯೋಚನೆ ಇಲ್ಲ ಎಂಬುದರಿಂದ, ಮನುಷ್ಯ ಎಂದರೆ ಮೆದುಳು ಅಷ್ಟೇ ಎಂದು ಆಗುವುದಿಲ್ಲ.

21 ಗ್ರಾಂ ಸುದ್ದಿ ಮಾತ್ರ ಅಳಿಸಿಹಾಕಿ. ಡಂಕನ್ ಮ್ಯಾಕ್‌ಡೂಗಲ್ ಎಂಬ ಅಮೆರಿಕದ ವೈದ್ಯರು ಸಾಯುತ್ತಿದ್ದ 6 ರೋಗಿಗಳನ್ನು ಮಂಚದ ಸಮೇತ ತೂಗಿ 1907ರಲ್ಲಿ ಅದನ್ನು ಪ್ರಕಟಿಸಿದರು. ಆ ಸಂಖ್ಯೆ ಬಂದಿದ್ದು ಒಬ್ಬ ರೋಗಿಯಿಂದ. ಉಳಿದವರ ಲೆಕ್ಕ ಅದಕ್ಕೆ ಹೊಂದಲಿಲ್ಲ. ತೂಗಿ ನೋಡಬಹುದಾದದ್ದು ಬೈಬಲ್ ಹೇಳುವ ಆತ್ಮವೂ ಅಲ್ಲ.

ಈಗ ನೀವು ನಿಜವಾಗಿ ಕೇಳಿದ ಪ್ರಶ್ನೆ. ಅಮ್ಮ ಎಲ್ಲಿದ್ದಾರೆ?

ಸಾವಿನ ಮನೆಗಳಲ್ಲಿ ನಾನು ಜಾಸ್ತಿ ಕೇಳುವ ಉದಾಹರಣೆ ಬಾಡಿಗೆ ಮನೆಯದು. ದೇಹ ಬಾಡಿಗೆ ಮನೆ, ಆತ್ಮ ಅದನ್ನು ಖಾಲಿ ಮಾಡಿ ಹೋಯಿತು ಎಂದು. ಕೇಳಲು ಸಮಾಧಾನ ಆಗುತ್ತದೆ. ಆದರೆ ನನಗೆ ಒಪ್ಪಿಗೆ ಇಲ್ಲ. ನಿಮ್ಮನ್ನು ಎತ್ತಿ ಆಡಿಸಿದ ಕೈ, ತೋಟದಲ್ಲಿ ದುಡಿದ ಬೆನ್ನು ಬಾಡಿಗೆ ಸಾಮಾನಾ? ಅದು ಅಮ್ಮನೇ.

ಶೆಟ್ಟಿಹಳ್ಳಿಯ ರೋಸರಿ ಚರ್ಚ್ ನೀವು ನೋಡಿರುತ್ತೀರಿ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. 1970ರ ದಶಕದಲ್ಲಿ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಆ ಜಾಗ ಹಿನ್ನೀರಿಗೆ ಸೇರಿತು. ಜನ ಬೇರೆ ಕಡೆ ಹೋದರು. ಮಳೆಗಾಲದಲ್ಲಿ ಗೋಡೆ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಸೂರಿಲ್ಲದೆ ನಿಂತಿರುತ್ತದೆ. ಅಲ್ಲಿ ನಿಂತಾಗೆಲ್ಲ ನನಗೆ ಕಟ್ಟಡಕ್ಕಿಂತ ಆ ಜನ ನೆನಪಾಗುತ್ತಾರೆ. ಊರು ಮುಳುಗಿದವರನ್ನು ಮಾತಾಡಿಸಿ ನೋಡಿ. ಅವರು ಇಲ್ಲವಾಗಿಲ್ಲ. ಬದುಕಿದ್ದಾರೆ, ಹೆಸರಿದೆ, ನೆನಪಿದೆ. ಆದರೆ ಪೂರ್ತಿಯಾಗಿ ಮನೆ ಸೇರಿದ ಹಾಗೂ ಅಲ್ಲ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 5ನೇ ಅಧ್ಯಾಯದಲ್ಲಿ ಸಾವಿನ ಬಗ್ಗೆ ಹೇಳುವುದು ಸುಮಾರು ಹೀಗೇ. ದೇಹವೆಂಬ ಗುಡಾರ ಕಳಚಿದರೆ ಸಾಕಪ್ಪಾ ಎಂದು ಅವನು ಹಾರೈಸುವುದಿಲ್ಲ. ಬಟ್ಟೆ ಇಲ್ಲದವನ ಹಾಗೆ ನಿಲ್ಲಲು ಇಷ್ಟವಿಲ್ಲ, ದೇವರು ಕೊಡುವ ಮನೆಯನ್ನು ಉಟ್ಟುಕೊಳ್ಳಬೇಕು ಎಂದು ನರಳುತ್ತಾನೆ. ಜೊತೆಗೇ, ದೇಹ ಬಿಟ್ಟರೂ ಕರ್ತನ ಹತ್ತಿರ ಇರುತ್ತೇನೆ ಎಂಬ ಧೈರ್ಯವೂ ಇದೆ. ಶಿಲುಬೆಯ ಮೇಲೆ ಯೇಸು ‘ತಂದೆಯೇ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ’ ಅಂದರು. ಪಕ್ಕದ ಕಳ್ಳನಿಗೆ ‘ಈ ಹೊತ್ತೇ ನನ್ನ ಜೊತೆ’ ಅಂದರು. ಮೂರನೆಯ ದಿನ ಸಮಾಧಿ ಖಾಲಿಯಾಗಿತ್ತು. ಗಾಯದ ಗುರುತಿದ್ದ ದೇಹದಲ್ಲೇ ಬಂದು ಸುಟ್ಟ ಮೀನು ತಿಂದರು.

ಹಾಗಾಗಿ ನನ್ನ ಉತ್ತರ ಇದು. ಹೌದು, ಮನುಷ್ಯನಿಗೆ ಆತ್ಮ ಇದೆ. ಅದು ದೇವರ ಒಂದು ತುಂಡಲ್ಲ, ತನ್ನಷ್ಟಕ್ಕೆ ಸಾವಿಲ್ಲದ ವಸ್ತುವೂ ಅಲ್ಲ. ಸಾವಿನ ಆಚೆಗೂ ಅಮ್ಮ ಅಮ್ಮನಾಗಿ ಉಳಿದಿದ್ದರೆ, ದೇವರು ಅವರನ್ನು ಕೈಬಿಡದೇ ಹಿಡಿದಿರುವುದರಿಂದ. ಸ್ವಿಟ್ಜರ್‌ಲೆಂಡ್‌ನ ಬಾಸೆಲ್ ನಗರದಲ್ಲಿ ಕಲಿಸುತ್ತಿದ್ದ ವಿದ್ವಾಂಸ ಆಸ್ಕರ್ ಕುಲ್ಮನ್ 1955ರ ಒಂದು ಉಪನ್ಯಾಸದಲ್ಲಿ ಗ್ರೀಕ್ ತತ್ವಜ್ಞಾನಿ ಸಾಕ್ರಟೀಸನ ಸಾವನ್ನೂ ಯೇಸುವಿನ ಸಾವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಸಾಕ್ರಟೀಸ್ ಶಾಂತವಾಗಿ ವಿಷ ಕುಡಿದ, ಆತ್ಮಕ್ಕೆ ಬಿಡುಗಡೆ ಎಂದು. ಯೇಸು ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಬೆವರಿ, ಅತ್ತು ಪ್ರಾರ್ಥಿಸಿದರು. ಸಾವು ಅವರಿಗೆ ಸ್ನೇಹಿತ ಆಗಿರಲಿಲ್ಲ. ನೀವು ಅಮ್ಮನಿಗಾಗಿ ಇನ್ನೂ ಅಳುತ್ತಿದ್ದರೆ ಅದು ನಂಬಿಕೆ ಕಡಿಮೆಯಾಗಿ ಅಲ್ಲ. ಕ್ರೈಸ್ತರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್‌ರಂಥವರು, ಸತ್ತವರು ಪುನರುತ್ಥಾನದ ತನಕ ನಿದ್ದೆಯಲ್ಲಿರುತ್ತಾರೆ ಎನ್ನುತ್ತಾರೆ. ನಾನು ಹಾಗೆ ನಂಬುವುದಿಲ್ಲ. ಆದರೆ ಅವರ ಕಣ್ಣೂ ಪುನರುತ್ಥಾನದ ಮೇಲೇ ಇದೆ.

ಜಪಸರದ ವಿಷಯ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನಿಮ್ಮ ಮಗಳಿಗೆ ಕೇಳಿದರೆ, ಚಿಕ್ಕಂದಿನಿಂದ ದಿನಾ ಹೇಳಿದ ಪ್ರಾರ್ಥನೆ, ಹಾಡು ಮರೆವಿನ ಕಾಯಿಲೆಯಲ್ಲಿ ಕೊನೆತನಕ ಉಳಿಯುವುದು ಉಂಟು ಎಂದು ಹೇಳುತ್ತಾಳೆ. ಅದು ಸರಿ. ಇದನ್ನು ಆತ್ಮ ಇದೆ ಎನ್ನುವುದಕ್ಕೆ ಸಾಕ್ಷಿ ಮಾಡಿಕೊಂಡು ಯಾರ ಜೊತೆಗೂ ವಾದಕ್ಕೆ ಇಳಿಯಬೇಡಿ. ಆದರೆ ‘ಅದು ಬರೀ ಅಭ್ಯಾಸ, ಪ್ರಾರ್ಥನೆ ಅಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆರಳು ಮಣಿ ಎಣಿಸಿತು, ನಾಲಿಗೆ ಮಾತು ಹೇಳಿತು, ಎಪ್ಪತ್ತು ವರ್ಷ ಬದುಕಿದ ದೇಹ ತನಗೆ ಗೊತ್ತಿದ್ದ ದಾರಿಯಲ್ಲಿ ದೇವರ ಹತ್ತಿರ ಹೋಯಿತು. ಆ ಹೊತ್ತಿನಲ್ಲಿ ಪ್ರಾರ್ಥಿಸಿದ್ದು ಆತ್ಮವಾ, ಪ್ರಾಣವಾ, ಶರೀರವಾ ಅಂತ ಕೇಳಬೇಡಿ. ಪ್ರಾರ್ಥಿಸಿದ್ದು ನಿಮ್ಮ ಅಮ್ಮ.

ಕಲ್ಲಿನ ವಿಷಯ. ಅಣ್ಣನ ಸಾಲಿನಲ್ಲಿ ಪಾಪವೇನಿಲ್ಲ. ಕಥೋಲಿಕರು ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ, ನವೆಂಬರ್ 2ರಂದು ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚುತ್ತಾರೆ. ಪ್ರೊಟೆಸ್ಟೆಂಟರು ಸಾಮಾನ್ಯವಾಗಿ ಹಾಗೆ ಪ್ರಾರ್ಥಿಸುವುದಿಲ್ಲ. ಅದು ನಾಲ್ಕೈದು ನೂರು ವರ್ಷದ ವ್ಯತ್ಯಾಸ. ನಿಮ್ಮ ಮನೆಯ ಕಲ್ಲಿನ ಮೇಲೆ ಅದು ಬಗೆಹರಿಯಬೇಕಿಲ್ಲ. ಅಮ್ಮ ಬದುಕಿದ್ದು ಕಥೋಲಿಕರಾಗಿ. ಅವರ ಕಲ್ಲು ಅವರ ನಂಬಿಕೆಗೆ ಹೊಂದಲಿ. ಅಣ್ಣನ ಜೊತೆ ಜಗಳ ಮಾಡಿಕೊಳ್ಳಬೇಡಿ.

ನನ್ನನ್ನು ಕೇಳಿದರೆ ಅದರ ಮೇಲೆ ಅಮ್ಮನ ಹೆಸರು ದೊಡ್ಡದಾಗಿ ಬರೆಸಿ. ಜನ ಕರೆಯುತ್ತಿದ್ದ ಮನೆ ಹೆಸರೂ ಇರಲಿ. ಕೆಳಗೆ ಜಾಗ ಉಳಿದರೆ ಯೆಶಾಯನ 43ನೇ ಅಧ್ಯಾಯದ ಮೊದಲ ವಚನದಿಂದ ‘ನಿನ್ನ ಹೆಸರು ಹಿಡಿದು ಕರೆದೆನು’ ಎಂಬಷ್ಟೇ ಸಾಕು. ಅಮ್ಮನಿಗೆ ಕೊನೆಗೆ ನಿಮ್ಮ ಹೆಸರೂ ನೆನಪಿರಲಿಲ್ಲ ಅಂತ ಬರೆದಿದ್ದೀರಲ್ಲ, ಅದಕ್ಕೆ ಹೇಳಿದೆ. ಅಣ್ಣನಿಗೂ ಒಮ್ಮೆ ಓದಿ ತೋರಿಸಿ.